ಗೇರು ಕಳಚಿದ ಸೈಕಲ್ಲು

ಮೇ ತಿಂಗಳ ಒಂದು ರಾತ್ರಿ. ದಾಸರಹಳ್ಳಿಯ ರೂಮಿನಲ್ಲಿ ಅನ್ನಕ್ಕಿಟ್ಟು ಕೂತಿದ್ದೆವು. ನಮ್ಮಲ್ಲಿ ಇಂಡಿ ತಾಲೂಕಿನವನ ಫೋನು ಹೊಡೆದುಕೊಂಡಿತು. ಅವನ ತಂಗಿ.

"ಅಣ್ಣಾ, ನಾ ಪಾಸ್ ಆಗೀನಿ. ಈಗ ಹೇಳು, ಗೇರಿನ ಸೈಕಲ್ ಕೊಡಸ್ತಿಯೋ ಇಲ್ಲೋ?"

ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಪಿಯು ಕಾಲೇಜು ಊರಿಂದ ಒಂಬತ್ತು ಕಿಲೋಮೀಟರ್. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಗಿದೆ, ಒಳ್ಳೆಯದೇ. ಆದರೆ ಅವರ ಊರಿಗೆ ಬೆಳಗ್ಗೆ ಬರುವ ಬಸ್ಸು ಒಂದೇ. ಅದು ತಪ್ಪಿದರೆ ಅವತ್ತಿನ ಪಾಠವೂ ತಪ್ಪಿದ ಹಾಗೆ. ಅವರಪ್ಪ ಆಗಲೇ ಒಂದು ಮಾತು ಅಂದಿದ್ದರಂತೆ. "ಬಸ್ಸಿಗೆ ನೆಚ್ಚಿ ಕಾಲೇಜ್ ಕಲಿಯೂದು ಆಗಂಗಿಲ್ಲ. ಏನರ ವ್ಯವಸ್ಥಾ ಆದ್ರ ಹೋಗು, ಇಲ್ಲಂದ್ರ ಹೊಲಿಗಿ ಕಲಿ."

ಆ ವ್ಯವಸ್ಥೆ ಅಂದರೆ ಸೈಕಲ್ಲು. ಅದರಲ್ಲೂ ಗೇರಿನ ಸೈಕಲ್ಲೇ ಯಾಕೆ ಬೇಕಾಯಿತು? ತಪ್ಪು ನಮ್ಮದು. ಒಂದು ವರ್ಷದ ಹಿಂದೆ ನಾವು ಮೂವರೂ ಗೇರ್ ಸೈಕಲ್ ಹಿಡಿದು ಹೆಸರಘಟ್ಟ ಕೆರೆ ಏರಿಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು ವಾಟ್ಸಾಪ್ ಸ್ಟೇಟಸ್ ಹಾಕಿದ್ದೆವು. ಊರಲ್ಲಿ ಕೂತು ಅದನ್ನು ನೋಡಿದವರಲ್ಲಿ ಅವಳೂ ಒಬ್ಬಳು.

ಕೈಲಿದ್ದ ದುಡ್ಡು ಒಂಬತ್ತು ಸಾವಿರ. ಆ ದುಡ್ಡಿಗೆ ಹೊಳೆಯುವ ಗೇರ್ ಸೈಕಲ್ಲೂ ಸಿಗುತ್ತದೆ, ಸಾದಾ ಸೈಕಲ್ಲೂ ಸಿಗುತ್ತದೆ. ತಪ್ಪು ಸೈಕಲ್ ಆರಿಸಿ ಅದು ಮೂರು ತಿಂಗಳಿಗೆ ಮೂಲೆ ಸೇರಿದರೆ, ಹುಡುಗಿಯ ಓದೂ ಅದರ ಜೊತೆ ಮೂಲೆ ಸೇರುತ್ತದೆ. "ನಾಳೆ ಹೇಳ್ತೀನಿ" ಅಂದು ಅವನು ಫೋನಿಟ್ಟ. ಅವಳಿಗೆ ಏನು ಹೇಳಿದೆವು ಅನ್ನುವುದಕ್ಕೆ ಮೊದಲು ನಮ್ಮ ಸೈಕಲ್ಲಿನ ಕಥೆ ಹೇಳಬೇಕು.

ನಾವು ಮೂವರು ಗ್ರಾಮೀಣ ಪತ್ರಿಕೋದ್ಯಮ ಓದಿದವರು. ಒಬ್ಬ ಇಂಡಿ ಕಡೆಯವನು, ಒಬ್ಬ ಮಾಲೂರು ಕಡೆಯವನು, ಒಬ್ಬಳು ಚಳ್ಳಕೆರೆ ಕಡೆಯವಳು. ಓದಿದ್ದಕ್ಕೆ ತಕ್ಕ ಕೆಲಸ ಸಿಗುವ ತನಕ ಹೊಟ್ಟೆ ಕೇಳಬೇಕಲ್ಲ. ಹಾಗಾಗಿ ಪೀಣ್ಯ ಸೇರಿದೆವು. ಒಬ್ಬ ಕಾರ್ಖಾನೆಯ ಸ್ಟೋರಿನಲ್ಲಿ ಲೆಕ್ಕ ಬರೆಯುತ್ತಾನೆ, ಒಬ್ಬ ಲೇತ್ ವರ್ಕ್‌ಶಾಪಿನಲ್ಲಿ ಬಿಲ್ ಹಾಕುತ್ತಾನೆ, ಗೆಳತಿ ಗಾರ್ಮೆಂಟ್ಸ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಬರೆಯುವುದು ರಾತ್ರಿ, ಇಲ್ಲವೇ ಭಾನುವಾರ.

ಪೀಣ್ಯದಲ್ಲಿ ಬೆಳಗ್ಗೆ ಆರಕ್ಕೆ ಶಿಫ್ಟ್ ಬದಲಾಗುವಾಗ ನೋಡಬೇಕು. ತಲೆ ಮೇಲೆ ಮೆಟ್ರೋ. ಅದು 2014ರಿಂದ ಇಲ್ಲಿ ಓಡುತ್ತಿದೆ. ಕೆಳಗೆ ಲಾರಿ, ಟೆಂಪೋ, ಕಂಪನಿ ಬಸ್ಸು. ಅವುಗಳ ಸಂದಿಯಲ್ಲಿ ಸೈಕಲ್ಲುಗಳು. ಊಟದ ಡಬ್ಬಿ ಹ್ಯಾಂಡಲ್ಲಿಗೆ, ಸ್ವೆಟರ್ ಕ್ಯಾರಿಯರಿಗೆ. ರಾಯಚೂರಿನವರು, ಕಲಬುರಗಿಯವರು, ಒಡಿಶಾದವರು, ಬಿಹಾರದವರು. ಹೆಚ್ಚು ಕಮ್ಮಿ ಎಲ್ಲವೂ ಗೇರಿಲ್ಲದ ಕಪ್ಪು ಸೈಕಲ್ಲುಗಳೇ.

ಆ ಸಾಲಿನಲ್ಲಿ ನಾವೂ ಒಬ್ಬರಾಗಿ ಕಾಣುವುದು ನಮಗೆ ಬೇಕಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಮ್ಮಪ್ಪಂದಿರು ಗೊಬ್ಬರದ ಚೀಲ, ಹಾಲಿನ ಕ್ಯಾನು, ನಮ್ಮನ್ನೂ ಹೇರಿಕೊಂಡು ತುಳಿದದ್ದು ಇಂಥದೇ ಸೈಕಲ್ಲು. ನಾವು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಸೈಕಲ್ ಕಲಿತದ್ದೂ ಅದರಲ್ಲೇ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದು ಮತ್ತೆ ಅದನ್ನೇ ಏರುವುದಾ ಅನ್ನಿಸಿತು. ಹಳೇ ಸಾಮಾನಿನ ಅಂಗಡಿಯಲ್ಲಿ ಒಂದಾದ ಮೇಲೊಂದು ಮೂರು ಗೇರ್ ಸೈಕಲ್ ಕೊಂಡೆವು. ದಪ್ಪ ಟೈರು, ಮುಂದೆ ಸ್ಪ್ರಿಂಗು, ಬಾಡಿ ಮೇಲೆ 21 ಸ್ಪೀಡ್ ಅಂತ ಸ್ಟಿಕ್ಕರ್.

ಭಾನುವಾರ ಎಂಟನೇ ಮೈಲಿಯಿಂದ ಹೊರಟು ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿ ದಾಟಿ ಹೆಸರಘಟ್ಟ. ಅರ್ಕಾವತಿಗೆ ಅಡ್ಡಲಾಗಿ 1890ರ ದಶಕದಲ್ಲಿ ಕಟ್ಟಿ, ಬೆಂಗಳೂರಿನ ನಲ್ಲಿಗಳಿಗೆ ನೀರು ಕೊಟ್ಟ ಕೆರೆ ಅದು. ಕೆರೆ ಆಚೆ ಐವರಕಂಡಪುರದ ಕಡೆ ಹಳ್ಳಿಗಳ ನಡುವೆ ಬಂಡಿದಾರಿಗಳಿವೆ. ಹುಲ್ಲುಗಾವಲಿನಲ್ಲಿ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿರುತ್ತವೆ, ಅದಕ್ಕೇ ಹುಲ್ಲಿಗೆ ಇಳಿಯದೆ ಬಂಡಿದಾರಿಯಲ್ಲೇ ಹೋಗುತ್ತಿದ್ದೆವು. ಜಲ್ಲಿ, ಮರಳು, ಕೊರಕಲು, ಸಣ್ಣ ಸಣ್ಣ ಏರು. ನಾವು ಬೆಟ್ಟದ ಸೈಕ್ಲಿಂಗ್ ಅನ್ನುತ್ತಿದ್ದದ್ದು ಇದನ್ನೇ.

ಗೇರಿದ್ದರೆ ಸುಖ, ಸುಳ್ಳು ಹೇಳುವುದಿಲ್ಲ. ಏರು ಬಂದರೆ ಹೆಬ್ಬೆರಳಲ್ಲಿ ಒತ್ತು, ಹಗುರ. ಇಳಿಜಾರು ಬಂದರೆ ಮತ್ತೆ ಒತ್ತು, ಭಾರ. ಕಾಲಿಗಿಂತ ಬೆರಳಿಗೇ ಕೆಲಸ ಜಾಸ್ತಿ.

ಮಳೆಗಾಲದಲ್ಲಿ ಇದೆಲ್ಲ ತಲೆಕೆಳಗಾಯಿತು. ಒಂದು ಭಾನುವಾರ ಮಳೆ ಬಿಟ್ಟ ಮಾರನೇ ದಿನ ಹೋಗಿದ್ದೆವು. ಕೆಮ್ಮಣ್ಣು ಟೈರಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತಿತ್ತು. ಹಿಂದಿನ ವಾರ ಇಂಡಿಯವನ ಸೈಕಲ್ಲು ಬಲಮಗ್ಗುಲಿಗೆ ಬಿದ್ದಿತ್ತು. ಹಿಂಚಕ್ರದ ಪಕ್ಕದಲ್ಲಿ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಒಂದು ಕೈ ಇರುತ್ತದೆ, ಅಂಗಡಿಯವರು ಡಿರೇಲರ್ ಅನ್ನುತ್ತಾರೆ. ಅದು ಒಂಚೂರು ಒಳಕ್ಕೆ ಬಾಗಿದ್ದನ್ನು ನಾವು ಯಾರೂ ಗಮನಿಸಿರಲಿಲ್ಲ. ಏರಿನಲ್ಲಿ ಅವನು ಎಲ್ಲಕ್ಕಿಂತ ಹಗುರದ ಗೇರಿಗೆ ಒತ್ತಿದ. ಆ ಕೈ ಹೋಗಿ ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತು. ಲಟಕ್ ಅಂತ ಸದ್ದಾಯಿತು. ಡಿರೇಲರ್ ಮುರಿದು ಜೋತುಬಿತ್ತು, ಎರಡು ಕಡ್ಡಿ ತುಂಡಾದವು, ಚೈನು ಗಂಟಾಯಿತು.

ಕೆಸರಲ್ಲಿ ಮೂವರೂ ತಳ್ಳಿಕೊಂಡು ಬರುತ್ತಿದ್ದೆವು. ಹಿಂದಿನಿಂದ ಒಬ್ಬ ಹಿರಿಯರು ಬಂದರು. ಹಳೇ ಕಪ್ಪು ಸೈಕಲ್ಲು, ಹಿಂದೆ ಹಸಿ ಹುಲ್ಲಿನ ದೊಡ್ಡ ಹೊರೆ. ಏರು ಶುರುವಾಗುವ ಜಾಗಕ್ಕೆ ಸರಿಯಾಗಿ ಇಳಿದು, ಹ್ಯಾಂಡಲ್ ಮೇಲೊಂದು ಕೈ, ಹೊರೆ ಮೇಲೊಂದು ಕೈ ಇಟ್ಟು ತಳ್ಳತೊಡಗಿದರು. ನಮ್ಮ ಪಕ್ಕ ಬಂದಾಗ ಕೇಳಿದರು.

"ಏನಪ್ಪಾ, ಕೆಟ್ಟೋಯ್ತಾ?"

"ಹೌದು ತಾತ, ಗೇರು ಮುರೀತು."

"ಅಯ್ಯೋ, ಅಷ್ಟೇಯಾ. ನಾನು ಏರು ತುಳಿಯಕ್ಕಾಗ್ದೆ ತಳ್ತಾವ್ರೆ ಅನ್ಕಂಡೆ. ಅದ್ರಾಗೇನೈತೆ ಬುಡಿ, ನಾನೂ ತಳ್ತಾನೆ ಇವ್ನಿ."

ತುದಿ ಮುಟ್ಟಿದ ಮೇಲೆ ಅವರು ಕಾಲೆತ್ತಿ ಹತ್ತಿ ಹೋದರು. ನಾವು ಇನ್ನೂ ಆರು ಕಿಲೋಮೀಟರ್ ತಳ್ಳಿದೆವು.

ಎಂಟನೇ ಮೈಲಿ ಹತ್ತಿರ ಟಾರ್ಪಾಲು ಕಟ್ಟಿಕೊಂಡು ಸೈಕಲ್ ರಿಪೇರಿ ಮಾಡುವ ಅಣ್ಣ ಒಬ್ಬರಿದ್ದಾರೆ. ಅರವತ್ತರ ಹತ್ತಿರದ ವಯಸ್ಸು. ಹರಿದ ಡಿರೇಲರ್ ಕೈಗೆ ಕೊಟ್ಟೆವು. ತಿರುಗಿಸಿ ಮುರುಗಿಸಿ ನೋಡಿದರು.

"ಹೊಸಾದು ತಂದ್ಕೊಡಿ, ಹಾಕ್ಕೊಡ್ತೀನಿ. ಮತ್ತೆ ಬಿದ್ರೆ ಮತ್ತೆ ಹಿಂಗೇ ಆಗ್ತೈತೆ. ಇಲ್ಲಾ ಅಂದ್ರೆ ಗೇರೆಲ್ಲಾ ಕಿತ್ತು ಸಾದಾ ಮಾಡ್ಬುಡ್ತೀನಿ. ಇಲ್ಲಿ ಕಂಪನಿ ಹುಡುಗ್ರು ಎಷ್ಟೋ ಜನ ಹಂಗೇ ಮಾಡಿಸ್ಕೊಂಡವ್ರೆ."

ತಿಂಗಳ ಕೊನೆ. ಕೈಯಲ್ಲಿ ದುಡ್ಡಿರಲಿಲ್ಲ. ಸಾದಾ ಮಾಡಿ ಅಂದೆವು. ನಾವು ಒಂಟಿ ಗೇರಿಗೆ ಬಂದದ್ದು ಹೀಗೆ. ಆಸೆಪಟ್ಟು ಬಂದದ್ದಲ್ಲ.

ಅವರು ಮಾಡಿದ ಕೆಲಸವನ್ನು ವಿವರವಾಗಿ ಬರೆಯುತ್ತೇವೆ. ನಿಮ್ಮ ಮನೆಯಲ್ಲೂ ಗೇರು ಕೆಟ್ಟು ಗೋಡೆಗೆ ಒರಗಿದ ಸೈಕಲ್ ಇರಬಹುದು, ಉಪಯೋಗಕ್ಕೆ ಬಂದೀತು. ಮೊದಲು ಎರಡೂ ಡಿರೇಲರ್, ವೈರು, ಹ್ಯಾಂಡಲ್ ಮೇಲಿನ ಒತ್ತುಗುಂಡಿ ಎಲ್ಲ ಬಿಚ್ಚಿ ಹಾಕಿದರು. ಹಿಂದಿನ ಏಳು ಹಲ್ಲುಚಕ್ರದ ಗೊಂಚಲು ತಿರುಚಿ ತೆಗೆದು, ಅದೇ ಮರೆಗೆ ಸಾದಾ ಸೈಕಲ್ಲಿನ 18 ಹಲ್ಲಿನ ಫ್ರೀವೀಲ್ ಕೂರಿಸಿದರು. ಗೇರ್ ಸೈಕಲ್ಲಿನ ಚೈನು ತೆಳು, ಸಾದಾ ಫ್ರೀವೀಲಿನ ಹಲ್ಲು ದಪ್ಪ. ಆದ್ದರಿಂದ ಹಳೇ ಚೈನು ಅದರ ಮೇಲೆ ಕೂರುವುದಿಲ್ಲ, ಸಾದಾ ಸೈಕಲ್ಲಿನ ಚೈನೇ ಬೇಕು. ಮುಂದೆ ಮೂರು ಚಕ್ರಗಳಲ್ಲಿ ನಡುವಿನದಕ್ಕೆ ಚೈನು ಹಾಕಿದರು. ಅದು ಓರೆಯಾಗಿ ಓಡುತ್ತಿತ್ತು, ಅದಕ್ಕೆ ಫ್ರೀವೀಲ್ ಹಿಂದೆ ಬಳೆಯಂಥ ಒಂದು ವಾಷರ್ ಕೊಟ್ಟು ನೇರ ಮಾಡಿದರು.

ಎಲ್ಲ ಸೇರಿ ಆರುನೂರೈವತ್ತು ರೂಪಾಯಿ ಆಯಿತು.

ಮೊದಲ ದಿನವೇ ಚೈನು ಮೂರು ಸಲ ಕಳಚಿತು. ಸಾದಾ ಸೈಕಲ್ಲಿನಲ್ಲಿ ಹಿಂಚಕ್ರವನ್ನು ಹಿಂದಕ್ಕೆ ಎಳೆದು ಚೈನು ಬಿಗಿ ಮಾಡಬಹುದು. ನಮ್ಮ ಗೇರ್ ಸೈಕಲ್ಲಿನಲ್ಲಿ ಚಕ್ರ ಕೂರುವ ಸೀಳು ಕೆಳಮುಖ, ಎಳೆಯಲು ಜಾಗವೇ ಇಲ್ಲ. ಮತ್ತೆ ಅಣ್ಣನ ಹತ್ತಿರ ಹೋದೆವು. ಅವರ ಡಬ್ಬದಲ್ಲಿ ಬಿದ್ದಿದ್ದ ಯಾವುದೋ ಹಳೇ ಡಿರೇಲರ್ ತೆಗೆದು, ಅಲುಗಾಡದ ಹಾಗೆ ಬಿಗಿದು, ಚೈನು ಎಳೆದು ಹಿಡಿಯುವುದಕ್ಕಷ್ಟೇ ಇಟ್ಟರು. ಆಮೇಲೆ ಚೈನು ಕಳಚಲಿಲ್ಲ.

ಮುಂದಿನ ಭಾನುವಾರ ಅದೇ ಬಂಡಿದಾರಿ. ಎರಡು ಗೇರ್ ಸೈಕಲ್ಲು, ಒಂದು ಒಂಟಿ ಗೇರಿನದು. ಸರದಿ ಮೇಲೆ ತುಳಿಯೋಣ ಅಂತ ಮಾತಾಗಿತ್ತು.

ಮೊದಲು ಗಮನಕ್ಕೆ ಬಂದದ್ದು ಸದ್ದು. ಸದ್ದು ಇಲ್ಲದಿರುವುದು ಅನ್ನಬೇಕು. ಕಲ್ಲಿನ ಮೇಲೆ ಹೋಗುವಾಗ ಚೈನು ಬಾಡಿಗೆ ಬಡಿಯುವ ಟಕಟಕ ಇಲ್ಲ. ಟೈರಿಗೆ ಜಲ್ಲಿ ಸಿಕ್ಕುವ ಸದ್ದು, ಪಕ್ಕದ ಹೊಲದಲ್ಲಿ ಗೌಜುಗದ ಕೂಗು, ನಮ್ಮ ಏದುಸಿರು, ಇಷ್ಟೇ.

ಎರಡನೆಯದು ಮೊದಲ ಏರು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಗುಂಡಿ ಹುಡುಕಿತು. ಗುಂಡಿ ಇಲ್ಲ. ಸೀಟಿನಲ್ಲಿ ಕೂತು ತುಳಿದರೆ ಪೆಡಲ್ ಕಲ್ಲಿನ ಹಾಗೆ ನಿಂತುಬಿಟ್ಟಿತು. ಎದ್ದು ನಿಂತು, ಹ್ಯಾಂಡಲ್ ಎಳೆದು ಹಿಡಿದು, ಮೈ ಭಾರವನ್ನೆಲ್ಲ ಒಂದೊಂದು ಪೆಡಲಿಗೆ ಹಾಕಬೇಕಾಯಿತು. ಅರ್ಧ ಏರಿಗೆ ಉಸಿರು ಬಾಯಿಗೆ ಬಂತು. ಇಳಿದೆವು. ಮೂವರೂ ಸರದಿಯಲ್ಲಿ ಅದೇ ಜಾಗದಲ್ಲಿ ಇಳಿದೆವು.

ನಾಲ್ಕೈದು ಭಾನುವಾರ ಕಳೆದ ಮೇಲೆ ಒಂದು ವಿಷಯ ತಿಳಿಯಿತು. ಈ ಸೈಕಲ್ಲಿನಲ್ಲಿ ಏರು ಹತ್ತುವ ಕೆಲಸ ಏರಿನಲ್ಲಿ ಶುರುವಾಗುವುದಿಲ್ಲ. ಅದಕ್ಕೂ ಮೊದಲಿನ ಇಳಿಜಾರಿನಲ್ಲಿ ಶುರುವಾಗುತ್ತದೆ. ಇಳಿಜಾರಿನಲ್ಲಿ ಸುಮ್ಮನೆ ಬ್ರೇಕ್ ಹಿಡಿದರೆ ಮುಂದಿನ ಏರಿಗೆ ಬೇಕಾದ ಓಟ ಕೈಬಿಟ್ಟು ಹೋಯಿತು. ಹಾಗಾಗಿ ಕಣ್ಣು ಮುಂಚಕ್ರದ ಮೇಲಿಂದ ಎದ್ದು ಇಪ್ಪತ್ತು ಮೂವತ್ತು ಮಾರು ಮುಂದಕ್ಕೆ ಹೋಯಿತು. ಎಲ್ಲಿ ಮರಳಿದೆ, ಎಲ್ಲಿ ಗಟ್ಟಿ ನೆಲ, ಕೊರಕಲಿನ ಯಾವ ಅಂಚಿನಲ್ಲಿ ದಾಟಬಹುದು, ಎಲ್ಲ ಮೊದಲೇ ನೋಡಿಟ್ಟುಕೊಳ್ಳಬೇಕು. ಒಂದು ವರ್ಷ ಓಡಾಡಿದ್ದ ದಾರಿ. ಅದರಲ್ಲಿ ಎಷ್ಟು ಏರಿದೆ, ಎಲ್ಲಿ ನೀರು ಹರಿದು ಕೊರೆದಿದೆ ಅನ್ನುವುದು ನಮಗೆ ಗೊತ್ತಾದದ್ದು ಗೇರು ಹೋದ ಮೇಲೆಯೇ.

ಮೊದಲು ಮೂವರೂ ಇಳಿಯುತ್ತಿದ್ದ ಏರನ್ನು ಡಿಸೆಂಬರ್ ಹೊತ್ತಿಗೆ ಇಬ್ಬರು ಇಳಿಯದೇ ಹತ್ತಿದೆವು. ಅದರ ಮುಂದಿನ ಏರು ಮಾತ್ರ ಇವತ್ತಿಗೂ ಆಗಿಲ್ಲ. ಅಲ್ಲಿ ಇಳಿಯುತ್ತೇವೆ, ತಳ್ಳುತ್ತೇವೆ. ಹುಲ್ಲಿನ ಹೊರೆಯ ತಾತನ ಹಾಗೆ ಏರು ಶುರುವಾಗುವಲ್ಲೇ ಇಳಿದರೆ ದಣಿವು ಕಮ್ಮಿ. ಅರ್ಧದ ತನಕ ಹಟ ಹಿಡಿದು ತುಳಿದು ಆಮೇಲೆ ಇಳಿಯುವುದಕ್ಕಿಂತ ಅದು ಬೇಗ. ಗೇರ್ ಸೈಕಲ್ಲಿನವನು ಎಲ್ಲಕ್ಕಿಂತ ಹಗುರದ ಗೇರಿನಲ್ಲಿ ಗಿರಗಿರ ತಿರುಗಿಸುತ್ತಾ ಬರುವುದೂ ಒಂದೇ, ನಾವು ನಡೆದು ತಳ್ಳುವುದೂ ಒಂದೇ. ಹೆಚ್ಚು ಕಮ್ಮಿ ಜೊತೆಗೇ ತುದಿ ಮುಟ್ಟುತ್ತೇವೆ.

ಹಾಗ್ಯಾಕೆ ಅಂತ ಕೂತು ಲೆಕ್ಕ ಹಾಕಿದೆವು. ಇದನ್ನು ನೀವೂ ಮನೆಯಲ್ಲಿ ಮಾಡಬಹುದು. ಮುಂದಿನ ಚಕ್ರದ ಹಲ್ಲು ಎಣಿಸಿ. ಹಿಂದಿನ ಹಲ್ಲಿನಿಂದ ಭಾಗಿಸಿ. ಒಂದು ದಾರವನ್ನು ಟೈರಿನ ಸುತ್ತ ಸುತ್ತಿ ಅಳೆದು ಅದರಿಂದ ಗುಣಿಸಿ. ಪೆಡಲ್ ಒಂದು ಪೂರ್ತಿ ಸುತ್ತು ತುಳಿದರೆ ಸೈಕಲ್ಲು ಎಷ್ಟು ಮುಂದೆ ಹೋಗುತ್ತದೆ ಅಂತ ಸಿಗುತ್ತದೆ.

ನಮ್ಮ ಟೈರಿನ ಸುತ್ತಳತೆ 2 ಮೀಟರಿಗೆ ಸ್ವಲ್ಪ ಹೆಚ್ಚು. ಮುಂದೆ 34 ಹಲ್ಲು, ಹಿಂದೆ 18. ಒಂದು ಸುತ್ತಿಗೆ 4 ಮೀಟರಿಗೆ ಸ್ವಲ್ಪ ಕಡಿಮೆ. ಅದೇ ಗೇರ್ ಸೈಕಲ್ಲಿನ ಎಲ್ಲಕ್ಕಿಂತ ಹಗುರದ ಗೇರಿನಲ್ಲಿ, ಅಂದರೆ ಮುಂದೆ 24 ಹಿಂದೆ 28, ಒಂದು ಸುತ್ತಿಗೆ ಒಂದೂ ಮುಕ್ಕಾಲು ಮೀಟರ್ ಮಾತ್ರ. ಎಲ್ಲಕ್ಕಿಂತ ಭಾರದ್ದು, ಮುಂದೆ 42 ಹಿಂದೆ 14, ಆರು ಮೀಟರ್ ದಾಟುತ್ತದೆ. ಊರಲ್ಲಿ ಅಪ್ಪನ ಕಪ್ಪು ಸೈಕಲ್ಲಿನ ಹಲ್ಲು ಫೋನಿನಲ್ಲಿ ಕೇಳಿ ತಿಳಿದುಕೊಂಡೆವು. ಮುಂದೆ 44, ಹಿಂದೆ 18, ಚಕ್ರವೂ ದೊಡ್ಡದು. ಸುಮಾರು ಐದೂವರೆ ಮೀಟರ್! ಇದರ ಮೇಲೆ ಒಂದು ಚೀಲ ಗೊಬ್ಬರ, ನಾವು, ಅಪ್ಪ. ಆ ಭಾರ ಎಷ್ಟಿತ್ತು ಅಂತ ನಮಗೆ ಗೊತ್ತಾದದ್ದು ಇಷ್ಟು ವರ್ಷದ ಮೇಲೆ, ಪೀಣ್ಯದಲ್ಲಿ ಕೂತು ಲೆಕ್ಕ ಹಾಕಿದಾಗ.

ಇನ್ನೊಂದು ತಮಾಷೆ ಆ 21ರದ್ದು. ಮುಂದೆ 3, ಹಿಂದೆ 7, ಗುಣಿಸಿದರೆ 21. ಆದರೆ ಮುಂದೆ 42 ಹಿಂದೆ 28 ಹಾಕಿದರೆ ಭಾಗಲಬ್ಧ ಒಂದೂವರೆ. ಮುಂದೆ 24 ಹಿಂದೆ 16 ಹಾಕಿದರೂ ಒಂದೂವರೆಯೇ. ಹೀಗೆ ಹಲವು ಒಂದರ ಮೇಲೊಂದು ಬೀಳುತ್ತವೆ. ಸ್ಟಿಕ್ಕರ್ ಮೇಲಿನ ಅಂಕಿಯಷ್ಟು ಬೇರೆ ಬೇರೆ ಗೇರು ಕಾಲಿಗೆ ಸಿಗುವುದಿಲ್ಲ.

ಒಂಟಿ ಗೇರಿನ ಕಷ್ಟವನ್ನೂ ಹೇಳಬೇಕು. ಸಮತಟ್ಟಾದ ಡಾಂಬರಿನಲ್ಲಿ ಇದು ಓಡುವುದಿಲ್ಲ. ಗಂಟೆಗೆ 15 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ 64 ಸುತ್ತು ತುಳಿದರೆ ಸಾಕು, ಆರಾಮ. 25ಕ್ಕೆ ಹೋಗಬೇಕೆಂದರೆ ನೂರು ದಾಟಬೇಕು, ಕಾಲು ಬಕಬಕ ಬಡಿದುಕೊಳ್ಳುತ್ತದೆ. ಗೇರ್ ಸೈಕಲ್ಲಿನವರು ಮುಂದೆ ಹೋಗಿ ಸೋಲದೇವನಹಳ್ಳಿಯಲ್ಲಿ ಟೀ ಕುಡಿದು ಮುಗಿಸಿರುತ್ತಿದ್ದರು. ಆಮೇಲೆ ಮಂಡಿ. ಎರಡು ವಾರಕ್ಕೆ ಇಂಡಿಯವನಿಗೆ ಮಂಡಿ ನೋವು ಬಂತು. ಅಣ್ಣ ನೋಡಿ, "ಸೀಟು ತಗ್ಗಾಗೈತೆ, ಮಂಡಿ ಮಡಚ್ಕೊಂಡು ತುಳೀತಿದ್ದೀಯ" ಅಂದರು. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲ್ ಕೆಳಕ್ಕೆ ಬಂದಾಗ ಕಾಲು ನೆಟ್ಟಗಾಗಬೇಕು. ಅಷ್ಟು ಎತ್ತರಕ್ಕೆ ಸೀಟು ಏರಿಸಿದ ಮೇಲೆ ನೋವು ಕಮ್ಮಿಯಾಯಿತು. ಮೊದಲೇ ಮಂಡಿ ನೋವಿದ್ದವರು, ವಯಸ್ಸಾದವರು, ಮಲೆನಾಡಿನ ಘಾಟಿಯಲ್ಲಿ ದಿನಾ ಓಡಾಡುವವರು ಇದಕ್ಕೆ ಕೈಹಾಕುವ ಮೊದಲು ಯೋಚಿಸಬೇಕು.

ನಮ್ಮ ಮಾಲೂರಿನವನು ಗೇರನ್ನೇ ಉಳಿಸಿಕೊಂಡ. ಅವನಿಗೆ ಈಗ ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ಕಿ ಹೊಸಕೋಟೆ ಹತ್ತಿರ ರೂಮು ಮಾಡಿದ್ದಾನೆ. ದಿನಾ ಲಾರಿ, ಕ್ಯಾಬುಗಳ ಜೊತೆ ಡಾಂಬರು ರಸ್ತೆಯಲ್ಲಿ ಹೋಗಬೇಕು. "ನನಗೆ ವೇಗ ಬೇಕು, ಸಿಗ್ನಲ್ ಬಿಟ್ಟ ಕೂಡಲೇ ಎದ್ದು ಓಡಬೇಕು. ಭಾನುವಾರಕ್ಕೆ ನಿಮ್ಮದು ಚೆಂದ" ಅನ್ನುತ್ತಾನೆ. ಅವನ ದಾರಿಗೆ ಅವನ ಮಾತು ಸರಿ.

ಒಂಟಿ ಗೇರು ಬಡವರ ಪಾಲಿಗೆ ಬಿದ್ದದ್ದು ಅನ್ನುವ ಭಾವನೆ ನಮ್ಮ ತಲೆಯಲ್ಲೂ ಇತ್ತು. ಓದುತ್ತಾ ಹೋದರೆ ಬೇರೆಯೇ ಕಥೆ. ಬೆಟ್ಟದ ಸೈಕಲ್ ರೇಸು ಹುಟ್ಟಿದ್ದೇ ಇಂಥ ಸೈಕಲ್ಲಿನಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಅನ್ನುವ ಸೀಮೆ. 1970ರ ದಶಕದಲ್ಲಿ ಅಲ್ಲಿನ ಹುಡುಗರು ಗುಜರಿಯಲ್ಲಿ ಸಿಕ್ಕ ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮೇಲೆ ಸಾಗಿಸಿ ಮಣ್ಣುದಾರಿಯಲ್ಲಿ ಕೆಳಕ್ಕೆ ಓಡಿಸುತ್ತಿದ್ದರು. ಹೆಚ್ಚಿನವಕ್ಕೆ ಒಂದೇ ಗೇರು, ಬ್ರೇಕ್ ಹಿಂಚಕ್ರದ ಒಳಗೇ. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವಂಥದು. 1976ರ ಅಕ್ಟೋಬರ್ 21ರಂದು ಅಲ್ಲಿ ಗಡಿಯಾರ ಹಿಡಿದು ಮೊದಲ ರೇಸು ನಡೆಸಿದರು. ಒಂದು ಸಲ ಇಳಿಯುವಷ್ಟರಲ್ಲಿ ಬ್ರೇಕು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸು ತುಂಬಬೇಕಿತ್ತು. ಹಾಗಾಗಿ ಆ ದಾರಿಗೆ ರೀಪ್ಯಾಕ್ ಅಂತಲೇ ಹೆಸರು ಬಿತ್ತು. ಬೆಟ್ಟವನ್ನು ತುಳಿದೇ ಹತ್ತಬೇಕು ಅಂತ ಆಸೆಯಾದಾಗ ಗೇರು ಸೇರಿಸಿದರು.

ಫ್ರಾನ್ಸಿನ ದೊಡ್ಡ ರೇಸು ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾಯಿತು. ಅದರಲ್ಲಿ ಡಿರೇಲರ್ ಬಳಸಲು ಬಿಟ್ಟದ್ದು 1937ರಲ್ಲಿ. ಅಲ್ಲಿಯವರೆಗೆ ದೊಡ್ಡ ದೊಡ್ಡ ಘಾಟಿಗಳನ್ನು ಸವಾರರು ಡಿರೇಲರ್ ಇಲ್ಲದೇ ಹತ್ತುತ್ತಿದ್ದರು. ಹಿಂಚಕ್ರದ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಇಟ್ಟುಕೊಂಡು, ಏರು ಬಂದಾಗ ಇಳಿದು, ಹಿಂಚಕ್ರ ಬಿಚ್ಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಅಂದರೆ ಏರಿನಲ್ಲಿ ಇಳಿಯುವವರು ನಾವೊಬ್ಬರೇ ಅಲ್ಲ.

ಅಷ್ಟು ದೂರ ಯಾಕೆ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸು ಅಂದರೆ ಊರಿಗೆ ಊರೇ ರಸ್ತೆಗೆ ಬರುತ್ತದೆ. ಆ ಕಡೆಯ ಹುಡುಗ ಹುಡುಗಿಯರು ದೇಶದ ಮಟ್ಟದಲ್ಲಿ ಪದಕ ತಂದಿದ್ದಾರೆ. ಟ್ರ್ಯಾಕ್ ರೇಸಿನ ಸೈಕಲ್ಲಿಗೆ ಗೇರು ಒಂದೇ, ಫ್ರೀವೀಲ್ ಇಲ್ಲ, ಬ್ರೇಕೂ ಇಲ್ಲ. ಇದು ನಮ್ಮ ಇಂಡಿಯವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಬೆಂಗಳೂರಿನಲ್ಲಿ ಅವನಿಗೇ ಮರೆತಿತ್ತು.

ಈಗ ಫೋನಿನ ವಿಷಯಕ್ಕೆ ಬರೋಣ. ಮಾರನೇ ದಿನ ಜಾಲಹಳ್ಳಿ ಕ್ರಾಸಿನ ಟೀ ಅಂಗಡಿ ಮುಂದೆ ಮೂವರೂ ಸೇರಿದೆವು. ಅವಳಿಗೆ ಏನು ಕೊಡಿಸುವುದು?

ಇಂಡಿಯವನಿಗೆ ತಂಗಿಯ ಆಸೆ ಮುರಿಯಲು ಮನಸ್ಸಿಲ್ಲ. "ಕೇಳಿದ್ದು ಒಂದ ಒಂದು. ಅದನ್ನೂ ಕೊಡಸಲಿಲ್ಲಂದ್ರ ಹೆಂಗ?" ಅಂದ. ಚಳ್ಳಕೆರೆಯವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನಮಗೆ ಹೇಳದಿದ್ದ ಒಂದು ಮಾತು ಹೇಳಿದಳು.

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿತ್ತು. ಕೆಲವು ವರ್ಷಗಳ ಮೇಲೆ ಅದರಲ್ಲಿ ಒಂದು ಇವಳ ಕೈಗೂ ಬಂತು. ಸಾದಾ ಸೈಕಲ್ಲು. ಹೈಸ್ಕೂಲು ಆರು ಕಿಲೋಮೀಟರ್. ಅವಳ ಅಕ್ಕನ ಕಾಲಕ್ಕೆ ಸೈಕಲ್ ಇರಲಿಲ್ಲ. ಅಕ್ಕ ಏಳಕ್ಕೆ ನಿಂತಳು. ಇವಳು ಓದಿದಳು. ಮೂರು ವರ್ಷದಲ್ಲಿ ಆ ಸೈಕಲ್ಲಿಗೆ ಪಂಚರ್ ಲೆಕ್ಕವಿಲ್ಲದಷ್ಟು ಆಗಿದೆ, ಚೈನು ಒಂದು ಸಲ ಬದಲಾಗಿದೆ, ಪೆಡಲ್ ಒಂದು ಸಲ. ಎಲ್ಲವೂ ಊರ ಬಾಗಿಲಲ್ಲಿ ಇರುವ ಪಂಚರ್ ಅಂಗಡಿಯಲ್ಲೇ ಮುಗಿದಿವೆ. ರಿಪೇರಿಗೆ ಅಂತ ಶಾಲೆ ಬಿಟ್ಟ ದಿನ ಒಂದೂ ಇಲ್ಲ.

"ಡಿಗ್ರಿಗೆ ಸೇರಿದ್ಮೇಲೆ ಅದನ್ನ ಗುಜರಿಗೆ ಹಾಕಿದ್ವಿ. ಮುನ್ನೂರು ರೂಪಾಯಿ ಬಂತು. ಅವತ್ತು ಏನೂ ಅನ್ನಿಸ್ಲಿಲ್ಲ" ಅಂದಳು. ಆಮೇಲೆ ಇಂಡಿಯವನ ಕಡೆ ತಿರುಗಿ ಕೇಳಿದಳು. "ನಿಮ್ಮೂರಲ್ಲಿ ಡಿರೇಲರ್ ಮುರಿದ್ರೆ ಯಾರ್ ಹಾಕ್ತಾರೆ?"

ಅವನು ಯೋಚಿಸಿದ. ಇಂಡಿಗೆ ಹೋಗಬೇಕು. ಅಲ್ಲಿ ಸಿಗದಿದ್ದರೆ ವಿಜಯಪುರ. ಆ ಎರಡು ಮೂರು ದಿನ ಹುಡುಗಿ ಕಾಲೇಜಿಗೆ ಹೋಗುವುದಿಲ್ಲ. ಎರಡು ಸಲ ಹೀಗಾದರೆ ಅಪ್ಪ ಹೊಲಿಗೆ ಮೆಷಿನ್ ತಂದುಬಿಡುತ್ತಾರೆ.

ಗೇರ್ ಸೈಕಲ್ಲೆಲ್ಲ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಒಳ್ಳೆ ಗೇರು, ಒಳ್ಳೆ ಮೆಕ್ಯಾನಿಕ್ ಹತ್ತಿರ ಇದ್ದರೆ ಅದಕ್ಕಿಂತ ಸುಖ ಇಲ್ಲ. ಆದರೆ ಆ ಒಂಬತ್ತು ಸಾವಿರದಲ್ಲಿ ಗೇರಿಗೆ, ಸ್ಪ್ರಿಂಗಿಗೆ, ಸ್ಟಿಕ್ಕರಿಗೆ ಎಲ್ಲ ಪಾಲು ಹೋದ ಮೇಲೆ ರಿಮ್ಮಿಗೆ, ಬೇರಿಂಗಿಗೆ ಉಳಿಯುವುದು ಕಡಿಮೆ. ಅದೇ ದುಡ್ಡಿಗೆ ಸಾದಾ ಸೈಕಲ್ ಕೊಂಡರೆ ಗಟ್ಟಿ ಕ್ಯಾರಿಯರ್, ಮಡ್‌ಗಾರ್ಡು, ಚೈನ್ ಕವರು ಬಂದು ಇನ್ನೂ ದುಡ್ಡು ಉಳಿಯುತ್ತದೆ. ಚೂಡಿದಾರದ ದುಪಟ್ಟಾ ಚೈನಿಗೆ ಸಿಕ್ಕುವುದಿಲ್ಲ.

ಫೋನ್ ಮಾಡಿದೆವು. ಸ್ಪೀಕರ್ ಹಾಕಿ ಮೂವರೂ ಮಾತಾಡಿದೆವು. ಹುಡುಗಿ ಸಿಟ್ಟಾದಳು.

"ನೀವು ಮಾತ್ರ ಗೇರಿನ ಸೈಕಲ್ ಹೊಡಿಯೂದು, ನನಗ ಸಾದಾ?"

ಆಗ ಇಂಡಿಯವನು ಗೇರು ಕಿತ್ತ ತನ್ನ ಸೈಕಲ್ಲಿನ ಫೋಟೋ ಕಳಿಸಿದ. ಮಣ್ಣು ಮೆತ್ತಿದ್ದು, ಗುಂಡಿ ಇಲ್ಲದ್ದು. ಹತ್ತು ನಿಮಿಷ ಉತ್ತರ ಬರಲಿಲ್ಲ. ಆಮೇಲೆ ಒಂದು ಮೆಸೇಜು: "ಇದ್ಯಾಕ ಹಿಂಗ ಮಾಡ್ಕೊಂಡಿ?"

ಇಷ್ಟುದ್ದದ ಈ ಕಥೆಯನ್ನು ಅವಳಿಗೂ ಹೇಳಿದೆವು. ಪೂರ್ತಿ ಒಪ್ಪಿದಳು ಅಂತ ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳಿದಳು, ನಮಗಿಂತ ಜಾಣ ಪ್ರಶ್ನೆ. "ನಮ್ಮ ದಾರ್‍ಯಾಗ ಏರು ಒಂದ ಐತಿ, ಹಳ್ಳದ ದಂಡಿ. ಅದಕ್ಕಿಂತ ಗಾಳಿ ಬಾಳ. ಆಷಾಢದಾಗ ಎದುರ ಗಾಳಿ ಬಿಟ್ರ ಹೆಂಗ ತುಳಿಯೂದು?"

ಬಯಲುಸೀಮೆಯ ಎದುರು ಗಾಳಿ ಏರಿಗಿಂತ ಕಷ್ಟ, ಅದು ಮುಗಿಯುವುದೇ ಇಲ್ಲ. ಅಣ್ಣನನ್ನು ಕೇಳಿದೆವು. "ಅಂಗಡಿಯವ್ರಿಗೆ ಹೇಳಿ, 18ರ ಫ್ರೀವೀಲ್ ತೆಗ್ದು 20 ಇಲ್ಲಾ 22 ಹಾಕ್ಕೊಡಕ್ಕೆ. ಹಗುರ ಆಗ್ತೈತೆ. ವೇಗ ಒಂಚೂರು ಕಮ್ಮಿ ಆಗ್ಬೌದು, ಕಾಲೇಜಿಗೆ ಹೋಗೋಕೆ ಅಷ್ಟ್ ಸಾಕು" ಅಂದರು. ಹಿಂದೆ ಹಲ್ಲು ಹೆಚ್ಚಾದಷ್ಟೂ ತುಳಿಯುವುದು ಹಗುರ. ಸಾದಾ ಸೈಕಲ್ಲಿಗೂ ಹೀಗೆ ನಮಗೆ ಬೇಕಾದ ಒಂದು ಗೇರು ಆರಿಸಿಕೊಳ್ಳಬಹುದು ಅಂತ ಇಷ್ಟು ವರ್ಷ ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಜೂನ್ ಮೊದಲ ವಾರ ಇಂಡಿಯವನು ಊರಿಗೆ ಹೋದ. ಸಾದಾ ಲೇಡೀಸ್ ಸೈಕಲ್ಲು, 22ರ ಫ್ರೀವೀಲ್, ಒಂದು ಗಾಳಿ ಪಂಪು, ಒಂದು ಬೀಗ. ಉಳಿದ ದುಡ್ಡಿನಲ್ಲಿ ಮಳೆಕೋಟು. ಸೀಟಿನ ಎತ್ತರ ತಾನೇ ನಿಂತು ಸರಿ ಮಾಡಿ ಬಂದ.

ಆಗಸ್ಟ್‌ನಲ್ಲಿ ಒಂದು ಭಾನುವಾರ ನಾವು ಹೆಸರಘಟ್ಟದ ಆ ಎರಡನೇ ಏರಿನ ಬುಡದಲ್ಲಿ ನಿಂತಿದ್ದೆವು. ಅವಳ ಫೋನ್ ಬಂತು. ಎರಡು ತಿಂಗಳಲ್ಲಿ ಮೂರು ದಿನ ಮಾತ್ರ ತಪ್ಪಿಸಿದ್ದಾಳಂತೆ. ಎರಡು ದಿನ ಜ್ವರ, ಒಂದು ದಿನ ಹಳ್ಳ ಬಂದಿತ್ತು. ಸೈಕಲ್ಲಿನಿಂದ ಒಂದು ದಿನವೂ ಇಲ್ಲ. ಪಂಚರ್ ಎರಡು ಸಲ.

"ಹಳ್ಳದ ಏರು ತುಳೀತಿಯೇನ?" ಅಂತ ಅಣ್ಣ ಕೇಳಿದ.

"ಇಲ್ಲ, ಇಳದು ತಳ್ಳತೀನಿ. ಅದಕ್ಕ ಮನಿ ಹತ್ತ ನಿಮಿಷ ಮೊದ್ಲ ಬಿಡ್ತೀನಿ. ಈಗ ನನ್ನ ಹಿಂದ ಇನ್ನೂ ಇಬ್ರು ಹುಡುಗ್ಯಾರು ಬರ್ತಾರ, ಒಬ್ಬಾಕಿದು ಅವ್ರಪ್ಪನ ಹಳೇ ಸೈಕಲ್. ಮೂವರೂ ಮಾತಾಡ್ಕೋತ ತಳ್ಳತೀವಿ. ಅಣ್ಣಾ, ಆಕಿ ಸೈಕಲ್ಲಿಗೂ 22ರದ ಹಾಕ್ಸಬೇಕು, ಎಷ್ಟ ರೊಕ್ಕ ಆಗ್ತದ ಕೇಳಿ ಹೇಳು."

ಸಂಜೆ ವಾಪಸು ಬರುವಾಗ ಎಂಟನೇ ಮೈಲಿಯಲ್ಲಿ ನಿಂತು ಅಣ್ಣನನ್ನು ಕೇಳಿ, ಅವಳಿಗೆ ರೇಟು ಕಳಿಸಿದೆವು.